ಏಪ್ರಿಲ್ ರಜೆಗೆ ಕುಟುಂಬದೊಡನೆ ಹಾಯಿದೋಣಿ ಪ್ರವಾಸ: ಯಾವ ದ್ವೀಪ, ಯಾವ ದೋಣಿ?

ಸರಸ್ವತಿಪುರಂ ಓದುಗಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಪತಿ, ನಮ್ಮ ಇಬ್ಬರು ಮಕ್ಕಳು, ಮಂಡ್ಯದಲ್ಲಿರುವ ನನ್ನ ತಮ್ಮ ಮತ್ತು ಅವನ ಹೆಂಡತಿ, ಜೊತೆಗೆ ನಮ್ಮ ಅಪ್ಪ ಅಮ್ಮ, ಹೀಗೆ ಎಂಟು ಮಂದಿ ಒಂದು ವಾರದ ಕಾಲ ಹಾಯಿದೋಣಿಯಲ್ಲೇ ಉಳಿದುಕೊಂಡು ದ್ವೀಪದಿಂದ ದ್ವೀಪಕ್ಕೆ ಸಾಗುವ ಪ್ರವಾಸವೊಂದನ್ನು ಯೋಜಿಸುತ್ತಿದ್ದೇವೆ. ಅಪ್ಪನಿಗೆ ಎಪ್ಪತ್ತು ದಾಟಿದೆ. ದಿನವೂ ಬೆಳಿಗ್ಗೆ ಹೋಟೆಲಿನಿಂದ ಹೊರಟು, ಐವತ್ತು ಜನರ ನಡುವೆ ದೋಣಿ ಹತ್ತಿ ಇಳಿಯುವುದು ಅವರಿಂದ ಆಗುವ ಕೆಲಸವಲ್ಲ. ಆದರೆ ಸಮುದ್ರದ ಮೇಲೆ ನಾಲ್ಕು ದಿನ ಇರಬೇಕೆಂಬ ಆಸೆಯನ್ನು ಅವರು ಬಹಳ ವರ್ಷಗಳಿಂದ ಇಟ್ಟುಕೊಂಡಿದ್ದಾರೆ. ಅದನ್ನು ಅವರ ಮೈಯಲ್ಲಿ ಶಕ್ತಿ ಇರುವಾಗಲೇ ನಡೆಸಿಕೊಡಬೇಕೆಂಬುದು ನಮ್ಮೆಲ್ಲರ ಇಚ್ಛೆ.

ಮಕ್ಕಳಿಗೆ ದಸರಾ ರಜೆಯೂ ಇದೆ, ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ರಜೆಯೂ ಇದೆ. ಎರಡರಲ್ಲಿ ಯಾವುದು ಸೂಕ್ತ ಎಂಬುದು ತಿಳಿಯುತ್ತಿಲ್ಲ. ಪ್ರವಾಸ ಏಜೆಂಟರೊಬ್ಬರು ಹಿಂದೂ ಮಹಾಸಾಗರದ ಸೆಶೆಲ್ಸ್, ಥಾಯ್ಲೆಂಡಿನ ಫುಕೆಟ್ ಮತ್ತು ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳ ಹೆಸರು ಹೇಳಿದ್ದಾರೆ. ನಮ್ಮದೇ ಲಕ್ಷದ್ವೀಪ, ಅಂಡಮಾನ್ ಇರುವಾಗ ಅಷ್ಟು ದೂರ ಏಕೆ ಎಂದು ಅಪ್ಪ ಕೇಳುತ್ತಾರೆ, ಆ ಪ್ರಶ್ನೆಯೂ ನ್ಯಾಯವಾಗಿಯೇ ಇದೆ. ಇನ್ನು ನನ್ನ ತಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜಿ ಬೆಳೆದವನು. ಅಷ್ಟರೊಳಗೆ ತಾನೇ ಹಾಯಿ ನಡೆಸಲು ಕಲಿತು, ನಾವಿಕನಿಲ್ಲದೆ ದೋಣಿ ಪಡೆಯಬಹುದೆಂಬುದು ಅವನ ವಾದ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಶುದ್ಧ ಸಸ್ಯಾಹಾರಿ. ಇಂತಹ ಪ್ರವಾಸ ಮಾಡಿ ಬಂದವರು ಅಥವಾ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹಿನ್ನೀರ ಗಾಳಿ, ಮೈಸೂರು

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ತಿಂಗಳು. ಬಹುತೇಕ ಮಂದಿ ದ್ವೀಪವನ್ನು ಮೊದಲು ಆರಿಸಿಕೊಂಡು ಆಮೇಲೆ ರಜೆ ಹೊಂದಿಸಿಕೊಳ್ಳುತ್ತಾರೆ. ಹಾಯಿದೋಣಿಯ ಪ್ರವಾಸಕ್ಕೆ ಆ ಕ್ರಮ ಒಗ್ಗುವುದಿಲ್ಲ. ನಿಮಗೆ ರಜೆ ಸಿಗುವ ತಿಂಗಳಲ್ಲಿ ಯಾವ ಸಮುದ್ರದ ಗಾಳಿ ಹಿತವಾಗಿರುತ್ತದೋ ಆ ಸಮುದ್ರಕ್ಕೆ ಹೋಗಬೇಕು, ದೋಣಿಯ ವಿಚಾರ ಅದಾದ ಮೇಲೆ.

ದಸರಾ ರಜೆಯನ್ನು ನಾನಾದರೆ ಕೈಬಿಡುತ್ತೇನೆ. ಮನೆ ತುಂಬ ನೆಂಟರಿರುವ ಸಮಯದಲ್ಲಿ ಮೈಸೂರು ಬಿಟ್ಟು ಹೊರಡುವ ಕಷ್ಟ ಹಾಗಿರಲಿ, ನೀವು ಹೇಳಿದ ಮೂರು ಕಡೆಗಳಲ್ಲಿ ಎರಡು ಕಡೆ ಆಗ ಕಾಲವೇ ಸರಿಯಿರುವುದಿಲ್ಲ. ನಮ್ಮ ಮುಂಗಾರನ್ನು ತರುವ ನೈಋತ್ಯ ಮಾರುತವೇ ಫುಕೆಟ್ ಇರುವ ಅಂಡಮಾನ್ ಸಮುದ್ರವನ್ನೂ ಆಳುತ್ತದೆ. ಫುಕೆಟ್‌ನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳ ಸಾಲಿಗೆ ಸೇರುತ್ತವೆ. ಅಲ್ಲಿಯ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಪ್ರತಿ ವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿಯೇ ಇಡುತ್ತಾರೆ. ಕೆರಿಬಿಯನ್ನಿನಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬ್ರಿಟಿಷ್ ವರ್ಜಿನ್ ದ್ವೀಪಗಳ ಮೇಲೆಯೇ ಹಾದುಹೋದಾಗ ಬಾಡಿಗೆ ದೋಣಿಗಳು ರಾಶಿ ರಾಶಿಯಾಗಿ ಒಡೆದುಬಿದ್ದವು. ಕಾಲ ಒಳ್ಳೆಯದಿದ್ದರೂ ಆ ದಾರಿ ನಮಗೆ ಬಹಳ ದೂರ. ಅಮೆರಿಕದ ಮೂಲಕ ವಿಮಾನ ಬದಲಿಸುವುದಾದರೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದವರಿಗೂ ಅಮೆರಿಕದ ವೀಸಾ ಬೇಕು. ಹಿರಿಯರೊಡನೆ ಒಂದು ವಾರದ ಪ್ರವಾಸಕ್ಕೆ ಅಷ್ಟು ಶ್ರಮ ಸಲ್ಲದು.

ನಿಮ್ಮ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಲಕ್ಷದ್ವೀಪಕ್ಕೆ ಹೋಗಲು ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಬೇಕು. ಅಂಡಮಾನಿನಲ್ಲಿ ಆದಿವಾಸಿ ಮೀಸಲು ಪ್ರದೇಶಗಳ ಸುತ್ತಲಿನ ನೀರಿಗೆ ಹೋಗುವಂತಿಲ್ಲ. ಎರಡೂ ಕಡೆ ಹವಳದ ಸಮುದ್ರ ಬಹು ಸುಂದರವಾಗಿದೆ, ಆದರೆ ವಾರಗಟ್ಟಲೆ ಹಾಯಿದೋಣಿಯನ್ನು ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಉದ್ಯಮ ಸೆಶೆಲ್ಸ್ ಅಥವಾ ಫುಕೆಟ್‌ನಲ್ಲಿ ಬೆಳೆದ ಮಟ್ಟಕ್ಕೆ ಇಲ್ಲಿ ಬೆಳೆದಿಲ್ಲ. ಅಲ್ಲಿಗೆ ಹೋಗುವುದಾದರೆ ದಡದಲ್ಲಿ ತಂಗುವ ಪ್ರವಾಸವೆಂದೇ ಯೋಜಿಸಬೇಕು.

ಈಗ ಏಪ್ರಿಲ್. ಸೆಶೆಲ್ಸ್‌ನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ವಾಯವ್ಯದ ಗಾಳಿ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ಬೀಸುವ ಬಲವಾದ ವಾಣಿಜ್ಯ ಮಾರುತ. ಇವೆರಡರ ನಡುವೆ ಏಪ್ರಿಲಿನಲ್ಲಿ ಗಾಳಿ ದಿಕ್ಕು ಬದಲಿಸುವಾಗ ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಹಾಯಿಯ ವೇಗಕ್ಕಾಗಿ ಹೋಗುವವರಿಗೆ ಇದು ಸಪ್ಪೆ ಎನಿಸಬಹುದು, ಅರ್ಧ ದಾರಿ ಎಂಜಿನ್ ಮೇಲೆಯೇ ಸಾಗಬೇಕಾಗಿ ಬರಬಹುದು. ಆದರೆ ನಿಮ್ಮ ಕುಟುಂಬಕ್ಕೆ, ಅದರಲ್ಲೂ ನಿಮ್ಮ ತಂದೆಯವರಿಗೆ, ಬೇಕಾಗಿರುವುದು ಇಂಥ ಸಮುದ್ರವೇ. ಮುಖ್ಯ ದ್ವೀಪಗಳು ಸಮಭಾಜಕ ವೃತ್ತಕ್ಕೆ ನಾಲ್ಕೈದು ಡಿಗ್ರಿಯಷ್ಟು ಸಮೀಪ ಇರುವುದರಿಂದ ಚಂಡಮಾರುತಗಳು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ. ಏಪ್ರಿಲಿನ ಮೊದಲ ಎರಡು ವಾರಗಳನ್ನು ಹಿಡಿಯಿರಿ; ತಿಂಗಳ ಕೊನೆಯಾದಂತೆ ಆಗ್ನೇಯದ ಗಾಳಿ ಏಳಲು ಶುರುವಾಗಬಹುದು.

ದಾರಿಯನ್ನೂ ಸ್ಥೂಲವಾಗಿ ಹೇಳುತ್ತೇನೆ. ಮಾಹೆ ದ್ವೀಪದಲ್ಲಿ ದೋಣಿ ಹತ್ತಿದ ದಿನ ದೂರ ಹೋಗಬೇಡಿ. ರಾಜಧಾನಿ ವಿಕ್ಟೋರಿಯಾದ ಎದುರಿಗೇ ಸೇಂಟ್ ಆನ್ ಸಾಗರ ಉದ್ಯಾನವಿದೆ, 1973ರಲ್ಲಿ ಸ್ಥಾಪನೆಯಾದದ್ದು. ಮೊದಲ ರಾತ್ರಿ ಅಲ್ಲಿ ಕಳೆದು ದೋಣಿಗೆ ಮೈ ಒಗ್ಗಿಸಿಕೊಳ್ಳಿ. ಮರುದಿನ ಪ್ರಾಸ್ಲಿನ್ ದ್ವೀಪಕ್ಕೆ ಸುಮಾರು 45 ಕಿಲೋಮೀಟರ್ ತೆರೆದ ಸಮುದ್ರ, ನಾಲ್ಕು ಗಂಟೆಯ ದಾರಿ. ಇಡೀ ಪ್ರವಾಸದಲ್ಲಿ ಹೊಟ್ಟೆ ತೊಳಸುವ ಭಯವಿರುವುದು ಹೋಗುವಾಗ ಮತ್ತು ಬರುವಾಗ ಇದೊಂದು ದಾರಿಯಲ್ಲಿ ಮಾತ್ರ. ಅಪ್ಪ ಅಮ್ಮನಿಗೆ ಅದು ಕಷ್ಟವೆನಿಸಿದರೆ ಮಾಹೆಯಿಂದ ಪ್ರಾಸ್ಲಿನ್‌ಗೆ ಸುಮಾರು ಒಂದು ಗಂಟೆಯಲ್ಲಿ ಮುಟ್ಟಿಸುವ ವೇಗದ ಪ್ರಯಾಣಿಕ ದೋಣಿಯಿದೆ, ಚಿಕ್ಕ ವಿಮಾನವೂ ಇದೆ. ಅವರು ಅದರಲ್ಲಿ ಬಂದು ಅಲ್ಲಿ ನಿಮ್ಮನ್ನು ಕೂಡಿಕೊಳ್ಳಬಹುದು. ಆಮೇಲಿನ ದಿನಗಳೆಲ್ಲ ಹತ್ತಿರ ಹತ್ತಿರದ ದ್ವೀಪಗಳು. ಪ್ರಾಸ್ಲಿನ್‌ನ ವಾಲೆ ದ ಮೇ ತಾಳೆಕಾಡು 1983ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಸಸ್ಯಲೋಕದಲ್ಲೇ ಅತಿ ದೊಡ್ಡ ಬೀಜವಾದ ಕೊಕೊ ದ ಮೇರ್ ಬೆಳೆಯುವುದು ಅಲ್ಲಿ. ಕ್ಯೂರ್ಯೂಸ್ ದ್ವೀಪದಲ್ಲಿ ದೈತ್ಯ ಆಮೆಗಳು ನಿಮ್ಮ ಮಕ್ಕಳ ಪಕ್ಕದಲ್ಲೇ ನಡೆದಾಡುತ್ತವೆ. ಕುಸ್ಯಾಂ ಎಂಬ ಪುಟ್ಟ ಪಕ್ಷಿದ್ವೀಪಕ್ಕೆ ನಿಮ್ಮ ಸ್ವಂತ ಡಿಂಗಿಯಲ್ಲಿ, ಅಂದರೆ ದಡಕ್ಕೆ ಹೋಗಿಬರಲು ದೋಣಿಯ ಜೊತೆಗಿರುವ ಕಿರುದೋಣಿಯಲ್ಲಿ, ಇಳಿಯಲು ಬಿಡುವುದಿಲ್ಲ, ಕಾವಲುಗಾರರ ದೋಣಿಯೇ ಬಂದು ಕರೆದೊಯ್ಯುತ್ತದೆ. ಒಂದು ಇಲಿ ದಡ ಸೇರಿದರೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಉಳಿಯುವುದಿಲ್ಲ ಎಂಬ ಎಚ್ಚರಿಕೆ ಅದು. ಲಾ ದಿಗ್‌ನಲ್ಲಿ ಸೈಕಲ್ ಬಾಡಿಗೆಗೆ ಪಡೆದು ಸುತ್ತಬಹುದು. ಒಂದು ವಾರಕ್ಕೆ ಇಷ್ಟು ಧಾರಾಳವಾಗಿ ಸಾಕು.

ಕಬ್ಬಿನ ಸೀಮೆಯವಳು, ಮಂಡ್ಯ

ಮೇಲಿನವರು ಹೇಳಿದ ತಿಂಗಳ ಲೆಕ್ಕಾಚಾರ ಸಂಪೂರ್ಣ ಸರಿ, ಆದರೆ ಫುಕೆಟ್ ಅನ್ನು ಅಷ್ಟು ಬೇಗ ಬದಿಗಿಡಬೇಡಿ ಅಕ್ಕ. ನಾವು ನನ್ನ ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆವು, ಆದ್ದರಿಂದ ಹಿರಿಯರ ದೃಷ್ಟಿಯಿಂದಲೇ ಹೇಳುತ್ತೇನೆ.

ಫುಕೆಟ್‌ನ ಪೂರ್ವಕ್ಕೆ ಫಾಂಗ್ ನ್ಗಾ ಕೊಲ್ಲಿಯಿದೆ. ಮೂರು ಕಡೆ ನೆಲ, ಒಳಗೆ ಸುಣ್ಣಕಲ್ಲಿನ ಕಡಿದಾದ ಗುಡ್ಡಗಳು ನೀರಿನಿಂದ ನೇರವಾಗಿ ಎದ್ದು ನಿಂತಿವೆ. ಈ ಗುಡ್ಡಗಳು ಅಲೆಯನ್ನು ತಡೆಯುವುದರಿಂದ ನೀರು ಬಹುಮಟ್ಟಿಗೆ ಸಮತಟ್ಟಾಗಿರುತ್ತದೆ. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಒಂದೆರಡು ಗಂಟೆಯ ದಾರಿ, ನಾಲ್ಕು ಗಂಟೆಯ ತೆರೆದ ಸಮುದ್ರವನ್ನು ದಾಟುವ ಪ್ರಮೇಯವೇ ಇಲ್ಲ. ಗುಡ್ಡಗಳ ಒಳಗೆ ಮೇಲ್ಛಾವಣಿ ಕುಸಿದ ಗುಹೆಗಳಿವೆ, ನೀರಿಳಿತದ ಸಮಯ ನೋಡಿಕೊಂಡು ಕಯಾಕ್‌ನಲ್ಲಿ ಸುರಂಗದ ಮೂಲಕ ಒಳಹೊಕ್ಕರೆ ಸುತ್ತ ಬಂಡೆಯ ಗೋಡೆ, ನಡುವೆ ಕೊಳ, ಮೇಲೆ ಆಕಾಶ. ಕೋ ಪನ್ಯಿ ಎಂಬಲ್ಲಿ ಮೀನುಗಾರರ ಊರೊಂದು ಇಡಿಯಾಗಿ ನೀರಿನಲ್ಲಿ ನೆಟ್ಟ ಕಂಬಗಳ ಮೇಲೆ ನಿಂತಿದೆ. ಏಪ್ರಿಲ್ ಎಂದರೆ ಅಲ್ಲಿ ಒಳ್ಳೆಯ ಕಾಲದ ಕೊನೆಯ ಭಾಗ. ನವೆಂಬರಿನಿಂದ ಬೀಸುವ ಈಶಾನ್ಯದ ಗಾಳಿ ಕುಗ್ಗಿರುತ್ತದೆ, ಸೆಖೆ ಜೋರು, ಸಂಜೆ ಹೊತ್ತಿಗೆ ಒಮ್ಮೊಮ್ಮೆ ಗುಡುಗು ಮಳೆ. ಆದ್ದರಿಂದ ಇಲ್ಲಿಯೂ ಏಪ್ರಿಲಿನ ಮೊದಲ ಭಾಗವೇ ಒಳ್ಳೆಯದು. ತಿಂಗಳ ಮಧ್ಯದಲ್ಲಿ, 13ರಿಂದ 15ರವರೆಗೆ, ಅವರ ಹೊಸ ವರ್ಷವಾದ ಸೋಂಗ್‌ಕ್ರಾನ್ ಬರುತ್ತದೆ, ಅಂಗಡಿ ಮುಂಗಟ್ಟುಗಳ ಅನುಕೂಲ ನೋಡಿಕೊಳ್ಳಬೇಕು.

ನೀರಿನ ತಿಳಿಯ ವಿಷಯದಲ್ಲಿ ಮಾತ್ರ ಸೆಶೆಲ್ಸ್‌ಗೆ ಹೋಲಿಸಲಾಗದು. ಕೊಲ್ಲಿಯ ಒಳಗೆ ಕೆಸರು ನೀರು, ಹವಳ ನೋಡಬೇಕೆಂದರೆ ಹೊರಗಿನ ದ್ವೀಪಗಳಿಗೆ ಹೋಗಬೇಕು. ಅಲ್ಲಿಯ ಫಿ ಫಿ ದ್ವೀಪಗಳ ಮಾಯಾ ಕೊಲ್ಲಿಯನ್ನು ಜನರ ತುಳಿತದಿಂದ ಹವಳ ನಾಶವಾಯಿತೆಂದು 2018ರಲ್ಲಿ ಮುಚ್ಚಿ, 2022ರಲ್ಲಿ ಬಿಗಿಯಾದ ನಿಯಮಗಳೊಡನೆ ತೆರೆದರು. ಈಗ ಕೊಲ್ಲಿಯೊಳಕ್ಕೆ ದೋಣಿ ತರುವಂತಿಲ್ಲ. ಅದು ಒಳ್ಳೆಯ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ದೋಣಿಯ ಬಗ್ಗೆ ಒಂದು ಮಾತು. ಹಿರಿಯರಿದ್ದರೆ ಎರಡು ಒಡಲಿನ ಕ್ಯಾಟಮರಾನ್ ಬಿಟ್ಟು ಬೇರೆ ಯೋಚನೆಯೇ ಬೇಡ. ಒಂದೇ ಒಡಲಿನ ಹಾಯಿದೋಣಿ ಗಾಳಿಗೆ ಒಂದು ಪಕ್ಕಕ್ಕೆ ವಾಲಿಕೊಂಡೇ ಸಾಗುತ್ತದೆ, ಮಂಡಿ ನೋವಿರುವವರು ಹಾಗೆ ವಾಲಿದ ನೆಲದ ಮೇಲೆ ಹೆಜ್ಜೆ ಇಡಲಾರರು. ಕ್ಯಾಟಮರಾನ್ ವಾಲುವುದಿಲ್ಲ. ನಡುಮನೆ, ಅಡುಗೆ ಜಾಗ, ಹೊರಗೆ ಕುಳಿತುಕೊಳ್ಳುವ ಜಾಗ ಮೂರೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತವೆ, ಹಿಂಭಾಗದಲ್ಲಿ ನೀರಿನ ಮಟ್ಟದವರೆಗೆ ಮೆಟ್ಟಿಲು ಇರುತ್ತದೆ. ಮಲಗುವ ಕೋಣೆಗಳಿಗೆ ಮಾತ್ರ ನಾಲ್ಕು ಕಡಿದಾದ ಮೆಟ್ಟಿಲು ಇಳಿಯಬೇಕು. ನಮ್ಮ ಅತ್ತೆಯವರಿಗೆ ನಿಜವಾಗಿ ಕಷ್ಟವಾದದ್ದು ಅಲೆಯಲ್ಲ, ಡಿಂಗಿಯಿಂದ ದಡಕ್ಕೆ ಇಳಿಯುವುದು. ಮರಳಿನ ದಡದಲ್ಲಿ ಜೆಟ್ಟಿ ಇರುವುದಿಲ್ಲ, ಮಂಡಿಯವರೆಗಿನ ನೀರಿಗೆ ಕಾಲಿಟ್ಟೇ ನಡೆಯಬೇಕು. ದಿನಕ್ಕೆ ಒಂದೇ ಬಾರಿ, ಅದೂ ಜೆಟ್ಟಿ ಇರುವ ಕಡೆ, ಅವರನ್ನು ಇಳಿಸುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಉಳಿದ ಹೊತ್ತು ಅವರು ದೋಣಿಯ ಹಿಂಭಾಗದ ನೆರಳಿನಲ್ಲಿ ಕುಳಿತು ನೋಡುತ್ತಾರೆ. ನಮ್ಮ ಅತ್ತೆಯವರು ಅದನ್ನೇ ಹೆಚ್ಚು ಇಷ್ಟಪಟ್ಟರು.

ತಲೆ ಸುತ್ತುವವರು ಒಳಗೆ ಮಲಗದೆ ಹೊರಗೆ ಕುಳಿತು ದಿಗಂತವನ್ನು ನೋಡುತ್ತಿರಬೇಕು, ಮೊಬೈಲ್ ನೋಡಲೇಬಾರದು. ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ, ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು. ಅವುಗಳಲ್ಲಿ ಕೆಲವು ಬಹಳ ಮಂಪರು ತರುತ್ತವೆ. ಹಿರಿಯರು ಬೇರೆ ಔಷಧಿಗಳನ್ನೂ ಸೇವಿಸುತ್ತಿರುವುದರಿಂದ ವೈದ್ಯರನ್ನು ಕೇಳಿಯೇ ಕೊಡಿ.

ಹಾಯಿ ಕಲಿತವನು, ಶ್ರೀರಂಗಪಟ್ಟಣ

ನಾನು ನಿಮ್ಮ ತಮ್ಮನವರಿಗಾಗಿ ಬರೆಯುತ್ತಿದ್ದೇನೆ. ಅವರ ಉತ್ಸಾಹವನ್ನು ಕುಗ್ಗಿಸುವ ಉದ್ದೇಶ ನನಗಿಲ್ಲ. ಹಾಯಿ ನಡೆಸುವುದನ್ನು ಕಲಿಯುವುದು ಬಹಳ ಸಂತೋಷದ ವಿದ್ಯೆ, ಅವರು ಖಂಡಿತ ಕಲಿಯಲಿ. ಆದರೆ ಈ ಪ್ರವಾಸದಲ್ಲಿ ಚುಕ್ಕಾಣಿಯ ಹೊಣೆ ಅವರ ಮೇಲೆ ಇರಬಾರದು.

ದೋಣಿ ಬಾಡಿಗೆಯಲ್ಲಿ ಮೂರು ಬಗೆ. ನಾವಿಕನಿಲ್ಲದೆ ಬರಿಯ ದೋಣಿ, ಅದನ್ನು ಬೇರ್‌ಬೋಟ್ ಎನ್ನುತ್ತಾರೆ. ದೋಣಿಯ ಜೊತೆಗೆ ಒಬ್ಬ ನಾವಿಕ, ಅಂದರೆ ಸ್ಕಿಪ್ಪರ್. ನಾವಿಕ, ಅಡುಗೆಯವರು ಎಲ್ಲರೂ ಇರುವ ಪೂರ್ಣ ಸಿಬ್ಬಂದಿಯ ದೋಣಿ. ಊರು ಗೊತ್ತಿಲ್ಲದ ಕಡೆ ನಾವೇ ಕಾರು ಓಡಿಸುವುದಕ್ಕೂ ಚಾಲಕನನ್ನು ಇಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸದಂತೆ ಇದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಯೋಚಿಸಬಹುದು. ದೋಣಿಯನ್ನು ಹಾಗೆ ನಿಲ್ಲಿಸಲಾಗದು, ಗಾಳಿಯೂ ಪ್ರವಾಹವೂ ಅದನ್ನು ಸದಾ ಎತ್ತಲೋ ಒಯ್ಯುತ್ತಿರುತ್ತವೆ.

ಬೇರ್‌ಬೋಟ್ ಕೊಡುವ ಮುನ್ನ ಸಂಸ್ಥೆಗಳು ಪ್ರಮಾಣಪತ್ರವನ್ನೋ ಹಿಂದಿನ ಅನುಭವದ ವಿವರವನ್ನೋ ಕೇಳುತ್ತವೆ. ಹಾಯಿದೋಣಿ ತರಬೇತಿಯ ಮಟ್ಟಗಳನ್ನು ನಿಗದಿಪಡಿಸುವ ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ ಡೇ ಸ್ಕಿಪ್ಪರ್ ಎಂಬುದು ಎಲ್ಲೆಡೆ ಪರಿಚಿತವಾದ ಹಂತ. ಅದರ ಪ್ರಾಯೋಗಿಕ ತರಬೇತಿ ಐದು ದಿನಗಳದು, ಆದರೆ ಅದಕ್ಕೆ ಸೇರುವ ಮುಂಚೆಯೇ ಐದು ದಿನ ದೋಣಿಯಲ್ಲಿ ಕಳೆದು, ನೂರು ನಾಟಿಕಲ್ ಮೈಲಿ ಸಾಗಿ, ನಾಲ್ಕು ಗಂಟೆ ರಾತ್ರಿ ಪ್ರಯಾಣ ಮಾಡಿರಬೇಕೆಂದು ಅಪೇಕ್ಷಿಸುತ್ತಾರೆ. ಇಷ್ಟೂ ಮುಗಿದ ಮೇಲೆ ಬರುವುದು ಪರಿಚಿತ ನೀರಿನಲ್ಲಿ, ಹಗಲು ಹೊತ್ತಿನಲ್ಲಿ ಚಿಕ್ಕ ದೋಣಿಯನ್ನು ನಡೆಸುವ ಅರ್ಹತೆ. ನಲವತ್ತು ಅಡಿಯ, ಏಳು ಮೀಟರ್ ಅಗಲದ ಕ್ಯಾಟಮರಾನಿನಲ್ಲಿ ತಂದೆ ತಾಯಿ, ಮಕ್ಕಳನ್ನು ಕೂರಿಸಿಕೊಂಡು ಹವಳದ ದಿಬ್ಬಗಳ ನಡುವೆ ಸಾಗುವುದು ಅದರ ಮುಂದಿನ ಮಾತು.

ಹವಳದ ನೀರಿನಲ್ಲಿ ಕಣ್ಣೇ ಮುಖ್ಯ ಉಪಕರಣ, ನಕ್ಷೆಯ ಪರದೆ ಎಷ್ಟು ಚೆನ್ನಾಗಿದ್ದರೂ ಎರಡನೆಯದು. ಕಡುನೀಲಿ ಎಂದರೆ ಆಳ, ತಿಳಿ ಹಸಿರುನೀಲಿ ಎಂದರೆ ಮರಳಿನ ಮೇಲಿನ ಆಳವಿಲ್ಲದ ನೀರು, ಕಂದು ಅಥವಾ ಹಳದಿ ಛಾಯೆ ಕಂಡರೆ ಹವಳ ಮೇಲ್ಮೈಗೆ ಬಂದಿದೆ ಎಂದು ಅರ್ಥ. ಸೂರ್ಯ ನೆತ್ತಿಯ ಮೇಲಿದ್ದಾಗ, ಅಥವಾ ನಮ್ಮ ಬೆನ್ನ ಹಿಂದಿದ್ದಾಗ ಮಾತ್ರ ಈ ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. ಸಂಜೆ ಸೂರ್ಯ ಎದುರಿಗೆ ಇಳಿದ ಮೇಲೆ ನೀರೆಲ್ಲ ಒಂದೇ ಬೆಳ್ಳಿ. ಆದ್ದರಿಂದಲೇ ಬಲ್ಲವರು ಬೆಳಿಗ್ಗೆ ಎಂಟು ಒಂಬತ್ತಕ್ಕೆ ಹೊರಟು ಮಧ್ಯಾಹ್ನ ಮೂರರ ಒಳಗೆ ತಂಗುದಾಣ ಸೇರುತ್ತಾರೆ, ಮತ್ತು ಬಾಡಿಗೆ ದೋಣಿಗಳಲ್ಲಿ ರಾತ್ರಿ ಪ್ರಯಾಣವನ್ನು ಸಾಮಾನ್ಯವಾಗಿ ಒಪ್ಪಂದದಲ್ಲೇ ನಿಷೇಧಿಸಿರುತ್ತಾರೆ.

ಲಂಗರು ಹಾಕುವುದೂ ಒಂದು ವಿದ್ಯೆ. ಸರಪಳಿಯನ್ನು ನೀರಿನ ಆಳದ ನಾಲ್ಕೈದು ಪಟ್ಟು ಬಿಡಬೇಕು, ಏಕೆಂದರೆ ಲಂಗರು ಹಿಡಿಯುವುದು ತನ್ನ ತೂಕದಿಂದಲ್ಲ. ಸರಪಳಿ ತಳದ ಮೇಲೆ ಮಲಗಿ ಅದನ್ನು ಅಡ್ಡಡ್ಡ ಎಳೆದಾಗ ಅದು ಮರಳಿನಲ್ಲಿ ಹೂತುಕೊಳ್ಳುತ್ತದೆ. ಸರಪಳಿ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ಹಾಕಿದ ಮೇಲೆ ಎಂಜಿನನ್ನು ಹಿಂದಕ್ಕೆ ಓಡಿಸಿ ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಹವಳದ ಮೇಲೆ ಎಂದೂ ಹಾಕಬಾರದು: ನೂರಾರು ವರ್ಷ ಬೆಳೆದದ್ದು ಒಂದು ರಾತ್ರಿಯ ಸರಪಳಿಯ ಉಜ್ಜಾಟಕ್ಕೆ ಪುಡಿಯಾಗುತ್ತದೆ. ದೋಣಿ ಕಟ್ಟಲೆಂದೇ ತೇಲುಬುರುಡೆ ಬಿಟ್ಟಿರುವ ಕಡೆ ಲಂಗರು ಹಾಕದೆ ಅದಕ್ಕೇ ಹಗ್ಗ ಕಟ್ಟಿ, ಶುಲ್ಕ ಕೇಳಿದರೆ ಸಂತೋಷದಿಂದ ಕೊಡಿ.

ಸ್ಕಿಪ್ಪರ್ ಇರುವ ದೋಣಿಯನ್ನೇ ಪಡೆದು, ನಿಮ್ಮ ತಮ್ಮನವರು ಅವರ ಪಕ್ಕದಲ್ಲಿ ನಿಂತು ಕಲಿಯಲಿ. ಹೆಚ್ಚಿನ ಸ್ಕಿಪ್ಪರ್‌ಗಳು ಆಸಕ್ತಿ ಇರುವವರಿಗೆ ಚುಕ್ಕಾಣಿಯನ್ನು ಕೊಟ್ಟು ಹೇಳಿಕೊಡುತ್ತಾರೆ. ಇನ್ನು ಈಜಿನ ಬಗ್ಗೆ: ನಾಲೆಯಲ್ಲಿ ನೀರು ಎತ್ತ ಒಯ್ಯುತ್ತದೆ ಎಂದು ಗೊತ್ತಿರುತ್ತದೆ, ದಡ ಎರಡು ಮಾರು ದೂರದಲ್ಲಿರುತ್ತದೆ. ಸಮುದ್ರದಲ್ಲಿ ಪ್ರವಾಹ ಕಣ್ಣಿಗೆ ಕಾಣುವುದಿಲ್ಲ. ದೋಣಿಯಿಂದ ನೀರಿಗಿಳಿಯುವವರು ಎಷ್ಟೇ ಬಲ್ಲವರಾದರೂ ಒಬ್ಬರೇ ಇಳಿಯಕೂಡದು, ದೋಣಿಯ ಹಿಂದೆ ಉದ್ದದ ಹಗ್ಗಕ್ಕೆ ತೇಲುಬುರುಡೆ ಕಟ್ಟಿ ಬಿಟ್ಟಿರಬೇಕು. ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಬೇಕೆಂದು ವಯಸ್ಸು, ತೂಕ ಬರೆದು ಮುಂಚಿತವಾಗಿಯೇ ತಿಳಿಸಿ. ದೊಡ್ಡವರ ಜಾಕೆಟ್ ಮಕ್ಕಳ ಕತ್ತಿನಿಂದ ಜಾರಿಹೋಗುತ್ತದೆ.

ಸರಸ್ವತಿಪುರಂ ಓದುಗಿ, ಮೈಸೂರು

ಇಷ್ಟು ಶ್ರದ್ಧೆಯಿಂದ ಬರೆದ ಮೂವರಿಗೂ ಕೃತಜ್ಞತೆಗಳು. ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. ಏಪ್ರಿಲಿನ ಮೊದಲ ಭಾಗ, ಕ್ಯಾಟಮರಾನ್, ಜೊತೆಗೆ ಸ್ಕಿಪ್ಪರ್ ಎಂಬುದು ತೀರ್ಮಾನವಾಯಿತು, ತಮ್ಮನೂ ಒಪ್ಪಿದ್ದಾನೆ. ಸೆಶೆಲ್ಸ್ ಮತ್ತು ಫುಕೆಟ್ ನಡುವೆ ಅಪ್ಪನ ಒಲವು ಸೆಶೆಲ್ಸ್ ಕಡೆಗೆ, ಆ ತಾಳೆಕಾಡು ಮತ್ತು ಆಮೆಗಳ ಕಾರಣಕ್ಕೆ. ಪ್ರಾಸ್ಲಿನ್‌ವರೆಗೆ ಅವರಿಬ್ಬರೂ ವೇಗದ ದೋಣಿಯಲ್ಲಿ ಬರುವ ಉಪಾಯ ನಮಗೆ ಬಹಳ ಹಿಡಿಸಿತು. ಇನ್ನು ಉಳಿದಿರುವುದು ಹಣದ ಲೆಕ್ಕ, ಒಪ್ಪಂದದಲ್ಲಿ ನೋಡಬೇಕಾದ ಅಂಶಗಳು, ಮತ್ತು ಅಡುಗೆ ಹಾಗೂ ಅಮ್ಮನ ಇನ್ಸುಲಿನ್ ವಿಷಯ.

ಹಿನ್ನೀರ ಗಾಳಿ, ಮೈಸೂರು

ಜಾಲತಾಣದಲ್ಲಿ ಕಾಣುವ ವಾರದ ಬಾಡಿಗೆ ಬರಿಯ ದೋಣಿಯದು ಎಂಬುದನ್ನು ಮೊದಲು ನೆನಪಿಡಬೇಕು. ಸ್ಕಿಪ್ಪರ್‌ನ ದಿನಗೂಲಿ, ಡೀಸೆಲ್, ಆಹಾರ, ಉದ್ಯಾನಗಳ ಶುಲ್ಕ, ಕೊನೆಯ ದಿನದ ಶುಚಿತ್ವದ ಶುಲ್ಕ, ಇವೆಲ್ಲ ಅದರ ಮೇಲೆ ಬರುತ್ತವೆ. ಸ್ಕಿಪ್ಪರ್‌ನ ಊಟದ ಜವಾಬ್ದಾರಿಯೂ ನಿಮ್ಮದೇ. ಪೂರ್ಣ ಸಿಬ್ಬಂದಿಯ ದೋಣಿಯಾದರೆ ಬಾಡಿಗೆಯ ಸುಮಾರು ಶೇಕಡಾ 25ರಿಂದ 35ರಷ್ಟನ್ನು ಖರ್ಚಿಗೆಂದು ಮುಂಗಡವಾಗಿ ಪಡೆದು, ಕೊನೆಗೆ ಲೆಕ್ಕ ಒಪ್ಪಿಸಿ ಉಳಿದದ್ದನ್ನು ಹಿಂದಿರುಗಿಸುವ ಪದ್ಧತಿ ಇದೆ.

ನಿಮಗೆ ವಿಶೇಷವಾಗಿ ಅನ್ವಯಿಸುವ ವಿಷಯ ಕೋಣೆಗಳದು. ನಾಲ್ಕು ಕೋಣೆಯ ದೋಣಿ ಎಂಟು ಮಂದಿಗೆ ಸರಿಹೋಗುತ್ತದೆ, ಆದರೆ ಸ್ಕಿಪ್ಪರ್ ಒಂಬತ್ತನೆಯವರು. ಮುಂಭಾಗದ ಮೂತಿಯಲ್ಲಿ ಸಿಬ್ಬಂದಿಗೆಂದು ಕಿರುಕೋಣೆ ಇರುವ ದೋಣಿಯನ್ನೇ ಕೇಳಿ, ಮತ್ತು ಆ ದೋಣಿಗೆ ಪರವಾನಗಿ ಇರುವ ಗರಿಷ್ಠ ಜನಸಂಖ್ಯೆಯಲ್ಲಿ ಸ್ಕಿಪ್ಪರ್ ಕೂಡ ಸೇರಿದ್ದಾರೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. ಇದನ್ನು ಕೇಳದೆ ಹೋದವರಲ್ಲಿ ಯಾರಾದರೊಬ್ಬರು ವಾರವಿಡೀ ನಡುಮನೆಯ ಬೆಂಚಿನ ಮೇಲೆ ಮಲಗಬೇಕಾಗುತ್ತದೆ.

ಸಾಮಾನ್ಯವಾಗಿ ಕಾಯ್ದಿರಿಸುವಾಗ ಅರ್ಧ ಹಣ, ಹೊರಡುವ ಕೆಲವು ವಾರ ಮುಂಚೆ ಉಳಿದರ್ಧ. ಅದಲ್ಲದೆ ಠೇವಣಿ ಇಡಬೇಕು, ಅದು ಕೆಲವು ಸಾವಿರ ಯೂರೋಗಳಷ್ಟಿರಬಹುದು. ಬೇಡವಾದರೆ ಹಿಂದಿರುಗಿಸದ ಒಂದು ಮೊತ್ತ ಕಟ್ಟಿ ಹಾನಿಯ ಹೊಣೆಯನ್ನು ಕಡಿಮೆ ಮಾಡಿಕೊಳ್ಳಬಹುದು. ದೋಣಿಯನ್ನು ಒಪ್ಪಿಸಿಕೊಳ್ಳುವಾಗ ಎರಡೂ ಒಡಲು, ಡಿಂಗಿ, ಅದರ ಎಂಜಿನ್, ಹಾಯಿಯ ಬಟ್ಟೆ ಎಲ್ಲವನ್ನೂ ವಿಡಿಯೋ ಮಾಡಿಟ್ಟುಕೊಳ್ಳಿ. ಒಮ್ಮೆ ನನ್ನ ಪರಿಚಯದ ಕುಟುಂಬದ ಠೇವಣಿಯಿಂದ ಹಳೆಯ ಗೀರೊಂದಕ್ಕೆ ಹಣ ಕಡಿತ ಮಾಡಲು ಸಂಸ್ಥೆಯೊಂದು ಮುಂದಾಗಿತ್ತು, ಮೊದಲ ದಿನದ ವಿಡಿಯೋ ತೋರಿಸಿದ ಮೇಲೆ ಕೈಬಿಟ್ಟಿತು. ದೋಣಿ ಕೆಟ್ಟು ದಿನಗಳು ವ್ಯರ್ಥವಾದರೆ ಬದಲಿ ದೋಣಿ ಕೊಡುವರೋ ಹಣ ಹಿಂದಿರುಗಿಸುವರೋ ಎಂಬ ಕಲಂ ಅನ್ನು ತಪ್ಪದೆ ಓದಿ. ಬೇರೆಲ್ಲ ಕಲಂಗಳಿಗಿಂತ ಅದು ಮುಖ್ಯ.

ಹಣವನ್ನು ಹೊರದೇಶಕ್ಕೆ ಕಳುಹಿಸುವುದು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಬರುತ್ತದೆ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ಮಿತಿ, ನಿಮಗೆ ಅದು ಅಡ್ಡಿಯಾಗದು. ಏಜೆಂಟರ ಮೂಲಕ ಪ್ಯಾಕೇಜ್ ಪಡೆದರೆ ಮೂಲದಲ್ಲೇ ತೆರಿಗೆ ಸಂಗ್ರಹ, ಅಂದರೆ ಟಿಸಿಎಸ್, ಕಡಿತವಾಗುತ್ತದೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುವುದರಿಂದ ನಿಮ್ಮ ಆಡಿಟರ್ ಬಳಿ ಕೇಳಿಕೊಳ್ಳಿ. ಆ ಹಣ ಆದಾಯ ತೆರಿಗೆ ವಿವರ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ಪ್ರವಾಸ ವಿಮೆಯಲ್ಲಿ ಹಾಯಿದೋಣಿಯ ವಾಸವೂ, ತುರ್ತು ವೈದ್ಯಕೀಯ ಸ್ಥಳಾಂತರವೂ ಸೇರಿದೆಯೇ, ಅಪ್ಪ ಅಮ್ಮನ ಈಗಿರುವ ಕಾಯಿಲೆಗಳಿಗೆ ರಕ್ಷಣೆ ಇದೆಯೇ ಎಂಬುದನ್ನು ಪಾಲಿಸಿಯ ಪತ್ರದಲ್ಲೇ ನೋಡಿ. ಸೆಶೆಲ್ಸ್‌ಗೆ ಮುಂಚಿತವಾಗಿ ವೀಸಾ ಬೇಕಿಲ್ಲ, ಆದರೆ ಹೊರಡುವ ಮುನ್ನ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ಪಡೆದಿರಬೇಕು.

ಕಬ್ಬಿನ ಸೀಮೆಯವಳು, ಮಂಡ್ಯ

ಅಡುಗೆಯ ವಿಷಯ ನನಗೆ ಬಿಡಿ ಅಕ್ಕ. ದೋಣಿಯಲ್ಲಿ ಎರಡು ಮೂರು ಉರಿಯ ಗ್ಯಾಸ್ ಒಲೆ, ಚಿಕ್ಕ ಓವನ್, ಫ್ರಿಜ್ ಇರುತ್ತವೆ. ಸ್ಟೀಲ್ ಪಾತ್ರೆಗಳಿರುತ್ತವೆ, ಕುಕ್ಕರ್ ಇರುವುದಿಲ್ಲ. ಮೂರು ಲೀಟರಿನದೊಂದನ್ನು ಇಲ್ಲಿಂದಲೇ ಒಯ್ಯಿರಿ. ಸಾರಿನ ಪುಡಿ, ಹುಳಿಪುಡಿ, ಉಪ್ಪಿಟ್ಟಿಗೆ ಹುರಿದ ರವೆ, ಅವಲಕ್ಕಿ, ಉಪ್ಪಿನಕಾಯಿ, ರಾಗಿ ಹಿಟ್ಟು ಇವನ್ನು ಮುಚ್ಚಿದ ಪೊಟ್ಟಣಗಳಲ್ಲಿ ಒಯ್ಯಿರಿ, ಕಸ್ಟಮ್ಸ್‌ನವರು ಕೇಳಿದರೆ ಇದೆ ಎಂದು ಹೇಳಿ ತೋರಿಸಿ. ಹಸಿ ತರಕಾರಿ, ಹಣ್ಣು, ಬೀಜ, ಗಿಡದ ಯಾವ ಭಾಗವನ್ನೂ ಒಯ್ಯಬೇಡಿ. ಅಲ್ಲಿಯದಲ್ಲದ ಕೀಟವೊಂದು ಒಳಬಂದರೆ ದ್ವೀಪದ ಗಿಡಗಳಿಗೆ ಕುತ್ತು ಎಂಬ ಕಾರಣಕ್ಕೆ ಸೆಶೆಲ್ಸ್‌ನವರು ಈ ವಿಷಯದಲ್ಲಿ ಬಹಳ ಬಿಗಿ. ಅಕ್ಕಿ, ಬೇಳೆ, ತೆಂಗಿನಕಾಯಿ ವಿಕ್ಟೋರಿಯಾದಲ್ಲೇ ಸಿಗುತ್ತವೆ. ಅಲ್ಲಿ ಭಾರತೀಯ ಮೂಲದವರು ತಲೆಮಾರುಗಳಿಂದ ಇದ್ದಾರೆ, ಊರ ನಡುವೆ ಗೋಪುರವಿರುವ ವಿನಾಯಕನ ದೇವಸ್ಥಾನವೂ ಇದೆ. ದೋಣಿ ಹತ್ತುವ ದಿನ ಅಮ್ಮನವರನ್ನು ಕರೆದುಕೊಂಡು ಹೋಗಬಹುದು. ಮುದ್ದೆ ತಿರುವುವುದನ್ನು, ಎಣ್ಣೆಯಲ್ಲಿ ಕರಿಯುವುದನ್ನು ಲಂಗರು ಹಾಕಿದ ಮೇಲೆಯೇ ಮಾಡಿ, ಸಾಗುವಾಗ ಒಲೆ ಹಚ್ಚಬೇಡಿ. ಕುದಿಯುವ ನೀರು ಚೆಲ್ಲಿದರೆ ಆಸ್ಪತ್ರೆ ಗಂಟೆಗಳಷ್ಟು ದೂರ.

ಸಿಹಿನೀರು ಟ್ಯಾಂಕಿನಲ್ಲಿ ಕೆಲವು ನೂರು ಲೀಟರ್ ಮಾತ್ರ, ಒಂಬತ್ತು ಜನಕ್ಕೆ ಅದು ಬೇಗ ಮುಗಿಯುತ್ತದೆ. ಸಮುದ್ರದ ನೀರನ್ನು ಸಿಹಿಗೊಳಿಸುವ ಯಂತ್ರವಿರುವ ದೋಣಿ ಸಿಕ್ಕರೆ ಸ್ವಲ್ಪ ಹೆಚ್ಚು ಬಾಡಿಗೆಯಾದರೂ ಅದನ್ನೇ ಪಡೆಯಿರಿ. ಕುಡಿಯಲು ಬೇರೆಯೇ ಕ್ಯಾನ್‌ಗಳನ್ನು ತುಂಬಿಸಿಕೊಳ್ಳಿ.

ಇನ್ಸುಲಿನ್ ಬಗ್ಗೆ ಮಾತ್ರ ನಿಜವಾದ ಎಚ್ಚರ ಬೇಕು. ದೋಣಿಯ ಫ್ರಿಜ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಅನೇಕ ದೋಣಿಗಳಲ್ಲಿ ಅದು ಒಂದು ಕಡೆ ಹೆಪ್ಪುಗಟ್ಟಿಸುತ್ತದೆ, ಇನ್ನೊಂದು ಕಡೆ ಬೆಚ್ಚಗೇ ಇರುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು. ಆದ್ದರಿಂದ ಅದನ್ನು ತಂಪುಮಾಡುವ ತಗಡಿಗೆ ತಾಗದಂತೆ ಬಟ್ಟೆ ಸುತ್ತಿ, ಡಬ್ಬಿಯಲ್ಲಿಟ್ಟು ಫ್ರಿಜ್‌ನ ನಡುವೆ ಇಡಿ, ಜೊತೆಗೆ ಚಿಕ್ಕ ಥರ್ಮಾಮೀಟರ್ ಇಟ್ಟು 2ರಿಂದ 8 ಡಿಗ್ರಿ ಸೆಲ್ಸಿಯಸ್ ಇದೆಯೇ ಎಂದು ಬೆಳಿಗ್ಗೆ ಸಂಜೆ ನೋಡಿ. ಬೇಕಾದದ್ದರ ಎರಡರಷ್ಟು ಒಯ್ದು, ಅರ್ಧವನ್ನು ನೀರಿನಿಂದ ತಂಪಾಗುವ ಚೀಲದಲ್ಲಿ ಬೇರೆಯಾಗಿಡಿ. ವಿಮಾನದಲ್ಲಿ ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಹೊರಡುವ ದಿನವೇ ಸ್ಕಿಪ್ಪರ್‌ಗೆ ಅಮ್ಮನ ಕಾಯಿಲೆಯ ವಿಷಯವನ್ನೂ, ಸಕ್ಕರೆ ಇಳಿದರೆ ಕೊಡಬೇಕಾದ ಗ್ಲೂಕೋಸ್ ಎಲ್ಲಿದೆ ಎಂಬುದನ್ನೂ ತಿಳಿಸಿ. ಪ್ರಾಸ್ಲಿನ್ ಮತ್ತು ಲಾ ದಿಗ್ ಎರಡರಲ್ಲೂ ಆಸ್ಪತ್ರೆ ಇದೆ, ಅಲ್ಲಿಗೆ ಅತಿ ಹತ್ತಿರದ ಜೆಟ್ಟಿ ಯಾವುದೆಂದು ಅವರಿಂದ ಮೊದಲೇ ಕೇಳಿಟ್ಟುಕೊಳ್ಳಿ.